ರೋಮ ಸಾಮ್ರಾಜ್ಯದ ಕಿರುಗಾಸು

(ಶಿಕ್ಷಕರ ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ರೋಮನರ ಇತಿಹಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ನನಗೆ ಅಪ್ಪಣೆ ಮಾಡಿದಿರಿ. ಸೀಸರನ ದಂಡಯಾತ್ರೆಗಳನ್ನೋ ಆಗಸ್ಟಸನ ವೈಭವವನ್ನೋ ಈತನು ಬಣ್ಣಿಸುವನೆಂದು ತಾವು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆ ಕಥೆಗಳನ್ನು ತಾವೆಲ್ಲರೂ ಓದಿದ್ದೀರಿ. ವರ್ಷವರ್ಷವೂ ಮಕ್ಕಳಿಗೆ ಓದಿಸುತ್ತಲೂ ಇದ್ದೀರಿ. ನಾನಿಂದು ಹೇಳಬೇಕೆಂದಿರುವದು ಅಂಗಿಯ ಗುಂಡಿಯಷ್ಟು ಸಣ್ಣದಾದ ಒಂದು ವಸ್ತುವಿನ ವಿಷಯ.

ಕೆಲವು ವರ್ಷಗಳ ಹಿಂದೆ ಒಂದು ವಸ್ತುಸಂಗ್ರಹಾಲಯದಲ್ಲಿ ರೋಮನರ ನಾಣ್ಯಗಳನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ನಾನು ನಿಂತಿದ್ದೆನು. ಮೇಲಿನ ಸಾಲಿನಲ್ಲಿ ಚಿನ್ನದ ನಾಣ್ಯಗಳು, ನಿನ್ನೆ ಅಚ್ಚೊತ್ತಿದವೋ ಎಂಬಂತೆ ಹೊಳೆಯುತ್ತಿದ್ದವು. ಕೆಳಗಿನ ತಟ್ಟೆಯಲ್ಲಿ ಕಪ್ಪುಗಟ್ಟಿದ, ಸವೆದ, ಅಂಚು ಹರಿದ ಕಂಚಿನ ಚೂರುಗಳು ರಾಶಿಯಾಗಿ ಬಿದ್ದಿದ್ದವು. ಬಂದವರೆಲ್ಲರೂ ಮೇಲಿನ ಸಾಲನ್ನು ನೋಡಿ ಮುಂದಕ್ಕೆ ನಡೆದರು. ನಾನೂ ನಡೆಯುವವನೇ ಇದ್ದೆನು. ಅಷ್ಟರಲ್ಲಿ ಎರಡರ ಪಕ್ಕದಲ್ಲಿಯೂ ಬರೆದಿದ್ದ ತೂಕಗಳ ಮೇಲೆ ಕಣ್ಣು ಬಿದ್ದಿತು. ಮೇಲಿನ ಸಾಲಿನ ಚಿನ್ನವು ತಲೆಮಾರುಗಳಾಚೆಗೂ ಒಂದೇ ತೂಕದಲ್ಲಿ ನಿಂತಿದೆ. ಕೆಳಗಿನ ತಟ್ಟೆಯ ಕಂಚು ಮಾತ್ರ ಇನ್ನೂರು ವರ್ಷಗಳೊಳಗೆ ಹತ್ತರಲ್ಲೊಂದು ಪಾಲಿಗೆ ಇಳಿದಿದೆ. ಒಂದೇ ಸರಕಾರದ ಟಂಕಸಾಲೆಗಳಲ್ಲಿ, ಒಂದೇ ಚಕ್ರವರ್ತಿಯ ಮುಖವನ್ನು ಹೊತ್ತು ಹೊರಟ ಎರಡು ನಾಣ್ಯಗಳಿಗೆ ಇಂಥ ಭಿನ್ನವಾದ ಗತಿ ಏಕೆ ಬಂದಿತು? ಚಿನ್ನವು ಯಾರ ಕೈಯಲ್ಲಿತ್ತು, ಕಂಚು ಯಾರ ಕೈಯಲ್ಲಿತ್ತು? ಈ ಪ್ರಶ್ನೆಯೇ ಇಂದಿನ ನನ್ನ ಭಾಷಣದ ವಿಷಯ.

ಮೊದಲು ಆ ನಾಣ್ಯವನ್ನು ಓದುವ ಬಗೆಯನ್ನು ಹೇಳುವೆನು. ಒಂದು ಮಗ್ಗುಲಲ್ಲಿ ಚಕ್ರವರ್ತಿಯ ಎದೆಯುದ್ದದ ಚಿತ್ರ. ತಲೆಗೆ ಎಲೆಗಳ ಮಾಲೆ ಅಥವಾ ಮುತ್ತಿನ ಪಟ್ಟ. ಸುತ್ತಲೂ ಲ್ಯಾಟಿನ್ ಅಕ್ಷರಗಳಲ್ಲಿ ಅವನ ಹೆಸರು. ನಾಲ್ಕನೆಯ ಶತಮಾನವು ಸಾಗಿದಂತೆ ಆ ಹೆಸರಿನ ಹಿಂದೆ ‘ನಮ್ಮ ಒಡೆಯ’ ಎಂಬುದನ್ನು ಸೂಚಿಸುವ ಡಿ, ಎನ್ ಎಂಬೆರಡು ಅಕ್ಷರಗಳು ತಪ್ಪದೆ ಬರುತ್ತವೆ. ಇನ್ನೊಂದು ಮಗ್ಗುಲಲ್ಲಿ ಒಂದು ಚಿತ್ರ, ಒಂದು ಘೋಷಣೆ. ಚಿತ್ರದ ಕೆಳಗೆ ಗೆರೆ ಎಳೆದು, ಅದರಡಿಯಲ್ಲಿ ಟಂಕಸಾಲೆಯ ಗುರುತು. ಟ್ರಿಯರ್, ಆರ್ಲ್, ಅಕ್ವಿಲಿಯ, ಥೆಸಲೊನೀಕ, ನಿಕೊಮೀಡಿಯ, ಆಂಟಿಯೋಕ್, ಅಲೆಕ್ಸಾಂಡ್ರಿಯ ಇವೇ ಮೊದಲಾದ ಊರುಗಳ ಹೆಸರಿನ ಮೊದಲ ಅಕ್ಷರಗಳು ಅಲ್ಲಿರುತ್ತವೆ. ಒಂದೊಂದು ಟಂಕಸಾಲೆಯ ಒಳಗೂ ಹಲವು ಕಾರ್ಯಾಗಾರಗಳಿದ್ದು, ಅವುಗಳಿಗೂ ಬೇರೆ ಬೇರೆ ಅಕ್ಷರಗಳಿದ್ದವು. ಸವೆದು ಮುಖವೇ ಅಳಿಸಿಹೋದ ಬಿಲ್ಲೆಯಲ್ಲಿಯೂ ಎಷ್ಟೋ ಸಲ ಈ ಗುರುತು ಉಳಿದುಕೊಂಡಿರುತ್ತದೆ. ಇಂಗ್ಲಂಡದ ಹೊಲವೊಂದರಲ್ಲಿ ದೊರೆತ ಕಾಸು ಸಿರಿಯದಲ್ಲಿ ಹುಟ್ಟಿತೆಂದು ನಾವು ಹೇಳಬಲ್ಲೆವಾದರೆ ಅದು ಈ ಅಕ್ಷರಗಳ ಉಪಕಾರ.

ಇನ್ನು ಕಥೆಗೆ ಬರೋಣ. ಕ್ರಿ. ಶ. ಮೂರನೆಯ ಶತಮಾನದಲ್ಲಿ ರೋಮನರ ಬೆಳ್ಳಿಯ ನಾಣ್ಯವು ಕೆಡುತ್ತ ಕೆಡುತ್ತ ಬಂದು, ಕಡೆಗೆ ಬೆಳ್ಳಿಯ ನೀರು ಕೊಟ್ಟ ತಾಮ್ರವಾಗಿ ಉಳಿದಿತ್ತು. ಡಯೊಕ್ಲೀಶನ್ ಚಕ್ರವರ್ತಿಯು ೨೯೪ರ ಸುಮಾರಿಗೆ ನಾಣ್ಯಪದ್ಧತಿಯನ್ನು ಹೊಸದಾಗಿ ಕಟ್ಟಿದನು. ಆಗ ಹೊರಬಂದ ಕಂಚಿನ ನಾಣ್ಯವೇ ನುಮ್ಮಸ್. ಅದರ ತೂಕ ಹತ್ತು ಗ್ರಾಂ, ಅಂದರೆ ನಮ್ಮ ಒಂದು ತೊಲಕ್ಕೆ ತುಸು ಕಡಿಮೆ. ಅಗಲವಾದ, ಕೈಗೆ ಭಾರವೆನಿಸುವ, ಸ್ವಲ್ಪ ಬೆಳ್ಳಿಯನ್ನು ಬೆರೆಸಿ ಮೇಲೆ ಬಿಳುಪು ಬರಿಸಿದ ಒಳ್ಳೆಯ ನಾಣ್ಯವದು. ಅದರ ಹಿಂದೆ ‘ರೋಮಿನ ಜನತೆಯ ಅಧಿದೇವತೆಗೆ’ ಎಂದು ಬರೆಯಿಸಿದನು. ಜನರ ಹೆಸರು ಈ ಕಂಚಿನ ಮೇಲೆ ಇಷ್ಟು ದೊಡ್ಡದಾಗಿ ಬಂದದ್ದು ಆಗಲೇ.

ನಾಣ್ಯವು ಒಳ್ಳೆಯದಾದರೂ ಬೆಲೆಗಳು ನಿಲ್ಲಲಿಲ್ಲ. ೩೦೧ರಲ್ಲಿ ಚಕ್ರವರ್ತಿಯು ಒಂದು ಆಜ್ಞೆಯಿಂದ ನಾಣ್ಯಗಳ ಲೆಕ್ಕದ ಬೆಲೆಯನ್ನು ಇಮ್ಮಡಿಸಿದನು. ಮತ್ತೊಂದು ಆಜ್ಞೆಯಿಂದ ಸಾವಿರಕ್ಕೂ ಮಿಕ್ಕಿದ ಪದಾರ್ಥಗಳಿಗೂ ಕೂಲಿಗಳಿಗೂ ಪರಮಾವಧಿ ದರವನ್ನು ಗೊತ್ತುಮಾಡಿ, ಮೀರಿದವರಿಗೆ ಮರಣದಂಡನೆಯನ್ನು ವಿಧಿಸಿದನು. ಈ ಎರಡನೆಯ ಆಜ್ಞೆಯನ್ನು ಕೊರೆದ ಕಲ್ಲುಗಳು ಗ್ರೀಸಿನಲ್ಲಿಯೂ ಚಿಕ್ಕ ಏಶಿಯದಲ್ಲಿಯೂ ಎಷ್ಟೋ ಊರುಗಳಲ್ಲಿ ದೊರೆತಿವೆ. ಅದರಲ್ಲಿ ನಮ್ಮವರ ಸಂಬಳವೂ ಉಂಟು. ಇಲ್ಲಿ ಸ್ವಲ್ಪ ನಿಲ್ಲಲು ತಾವು ಅನುಮತಿ ಕೊಡಬೇಕು. ಅಕ್ಷರ ಕಲಿಸುವ ಮಾಸ್ತರನಿಗೆ ಹುಡುಗನೊಬ್ಬನಿಗೆ ತಿಂಗಳಿಗೆ ೫೦ ದಿನಾರಿ. ಲೆಕ್ಕ ಕಲಿಸುವವನಿಗೆ ೭೫. ಗ್ರೀಕ ಅಥವಾ ಲ್ಯಾಟಿನ್ ವ್ಯಾಕರಣ ಹೇಳುವ ಪಂಡಿತನಿಗೆ ೨೦೦, ವಾಗ್ಮಿಯಾಗಲು ಕಲಿಸುವವನಿಗೆ ೨೫೦. ಹೊಲದ ಆಳಿಗೆ ಊಟ ಕೊಟ್ಟು ದಿನಕ್ಕೆ ೨೫, ಬಡಗಿಗೆ ಊಟ ಕೊಟ್ಟು ದಿನಕ್ಕೆ ೫೦. ಹಾಗಾದರೆ ಅಕ್ಷರ ಕಲಿಸುವ ಮಾಸ್ತರನು ಬಡಗಿಯ ಗಳಿಕೆಯನ್ನು ಮುಟ್ಟಬೇಕಾದರೆ ಮೂವತ್ತು ಹುಡುಗರನ್ನು ಕೂಡ್ರಿಸಿಕೊಳ್ಳಬೇಕು. ಊಟವನ್ನಂತೂ ತನ್ನ ಮನೆಯಲ್ಲಿಯೇ ಮಾಡಬೇಕು! ಇದೇ ದರಪಟ್ಟಿಯಲ್ಲಿ ದನದ ಮಾಂಸ ಪೌಂಡಿಗೆ ೮, ಹಂದಿಯ ಮಾಂಸ ೧೨, ಕೋಳಿಯ ಜೋಡಿಗೆ ೬೦ ದಿನಾರಿ. ಮಾಸ್ತರನ ಮನೆಯಲ್ಲಿ ಕೋಳಿಯ ಸಾರು ಯಾವಾಗ ಬೇಯುತ್ತಿತ್ತೆಂಬುದನ್ನು ತಾವೇ ಲೆಕ್ಕ ಹಾಕಿರಿ.

ಆ ದೊಡ್ಡ ನುಮ್ಮಸಿನ ಬೆಲೆಯು ಇಮ್ಮಡಿಯಾದ ಮೇಲೆ ೨೫ ದಿನಾರಿಯಾಗಿತ್ತೆಂದು ಅನೇಕ ವಿದ್ವಾಂಸರ ಎಣಿಕೆ. ಅಂದರೆ ಹೊಲದ ಆಳಿನ ಒಂದು ದಿನದ ಬೆವರು ಒಂದು ನುಮ್ಮಸ್. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು. ದರದ ಆಜ್ಞೆಯಾದರೋ ನಡೆಯಲಿಲ್ಲ. ಕ್ಷುಲ್ಲಕ ಪದಾರ್ಥಗಳಿಗಾಗಿ ರಕ್ತ ಹರಿಯಿತೆಂದೂ, ಅಂಜಿದ ವರ್ತಕರು ಸರಕನ್ನೇ ಪೇಟೆಗೆ ತರದೆ ಹೋದರೆಂದೂ ಅದೇ ಕಾಲದ ಲ್ಯಾಕ್ಟಾನ್ಶಿಯಸನು ಬರೆದಿದ್ದಾನೆ. ಅವನು ಡಯೊಕ್ಲೀಶನನ ಕಡುವೈರಿಯೆಂಬುದನ್ನು ಗಮನದಲ್ಲಿಟ್ಟು ಓದಿದರೂ, ಬೆಲೆಗಳು ಮತ್ತೆ ಏರಿದವೆಂಬುದಕ್ಕೆ ಬೇರೆ ಸಾಕ್ಷ್ಯಗಳು ಬೇಕಾದಷ್ಟಿವೆ.

ನಾಣ್ಯದ ಬೆಲೆಯನ್ನು ಅರಮನೆಯಲ್ಲಿ ಕೂತು ಏರಿಸಿ ಇಳಿಸುವಾಗ ಸುದ್ದಿ ಮೊದಲು ಯಾರ ಕಿವಿಗೆ ಬೀಳುವದು? ಈಜಿಪ್ತದಲ್ಲಿ ದೊರೆತ ಒಂದು ಪಪೈರಸ್ ಓಲೆ ಇದಕ್ಕೆ ಉತ್ತರ ಹೇಳುತ್ತದೆ. ಅದು ಈಗ ಮ್ಯಾಂಚೆಸ್ಟರಿನ ರೈಲೆಂಡ್ಸ್ ಗ್ರಂಥಾಲಯದಲ್ಲಿದೆ. ಡಯೊನೀಸಿಯಸನೆಂಬವನು ತನ್ನ ಮನುಷ್ಯನಾದ ಅಪಿಯೋ ಎಂಬವನಿಗೆ ಬರೆದ ಕಾಗದವದು. ಒಡೆಯರ ಅಪ್ಪಣೆಯಿಂದ ಇತಾಲಿಯ ನಾಣ್ಯವನ್ನು ಅರ್ಧ ನುಮ್ಮಸಿಗೆ ಇಳಿಸಲಾಗುವದು. ನಿನ್ನ ಹತ್ತಿರವಿರುವ ಆ ನಾಣ್ಯವನ್ನೆಲ್ಲ ಬೇಗನೆ ತೆಗೆದು, ಯಾವ ಸರಕೇ ಸಿಗಲಿ, ಯಾವ ದರವೇ ಇರಲಿ, ಕೊಂಡುಬಿಡು ಎಂದು ಅವನು ಅವಸರಪಡಿಸುತ್ತಾನೆ. ಇದರಲ್ಲಿ ನೀನೇನಾದರೂ ಕೈಚಳಕ ತೋರಿಸಿದರೆ ನಾನು ಸುಮ್ಮನಿರೆನೆಂದು ಕಡೆಯಲ್ಲಿ ಬೆದರಿಕೆ ಬೇರೆ! ಅಪಿಯೋ ಓಡಾಡಿ ಸರಕು ಕೊಂಡನೋ ಇಲ್ಲವೋ ಓಲೆ ಹೇಳುವದಿಲ್ಲ. ಕೊಂಡಿದ್ದರೆ, ಆ ನಾಣ್ಯಗಳು ನೇಕಾರನ, ಎಣ್ಣೆ ಮಾರುವವನ, ಒಕ್ಕಲಿಗನ ಕೈ ಸೇರಿದವು. ಮುಂದೆ ಅವು ಅರ್ಧವಾದದ್ದು ಅವರ ಗಂಟಿನಲ್ಲಿ. ಇಡೀ ನಾಲ್ಕನೆಯ ಶತಮಾನದ ಅರ್ಥಶಾಸ್ತ್ರವನ್ನು ಈ ಒಂದು ಓಲೆಯಿಂದ ಕಲಿಸಬಹುದೆಂದು ನನಗೆ ತೋರುತ್ತದೆ.

೩೦೭ರಿಂದ ನುಮ್ಮಸಿನ ತೂಕವು ಇಳಿಯತೊಡಗಿತು. ಹತ್ತು ಗ್ರಾಮಿನದು ಆರೂವರೆಗೆ, ನಾಲ್ಕೂವರೆಗೆ, ೩೧೩ರ ಸುಮಾರಿಗೆ ಮೂರುವರೆಯ ಒಳಕ್ಕೆ ಬಂದಿತು. ೩೩೬ರ ಹೊತ್ತಿಗೆ ಎರಡು ಗ್ರಾಂ ಕೂಡ ಉಳಿಯಲಿಲ್ಲ. ಮೂವತ್ತು ವರ್ಷಗಳೊಳಗೆ ಆರರಲ್ಲೊಂದು ಪಾಲಾಯಿತು. ಇದೇ ಮೂವತ್ತು ವರ್ಷಗಳಲ್ಲಿಯೇ ಕಾನ್‌ಸ್ಟಂಟೈನ್ ಚಕ್ರವರ್ತಿಯು ಸಾಲಿಡಸ್ ಎಂಬ ಹೊಸ ಚಿನ್ನದ ನಾಣ್ಯವನ್ನು ನಡೆಯಿಸಿದನು. ಒಂದು ರೋಮನ್ ಪೌಂಡು ಚಿನ್ನಕ್ಕೆ ೭೨ ನಾಣ್ಯ, ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ಆ ತೂಕವೂ ಆ ಶುದ್ಧಿಯೂ ಸುಮಾರು ಏಳು ನೂರು ವರ್ಷ ಕದಲಲಿಲ್ಲ. ಹಣದ ಇತಿಹಾಸದಲ್ಲಿ ಇಂಥ ಸ್ಥಿರತೆಯು ಅಪರೂಪವೆಂದು ಚರಿತ್ರಕಾರರು ಕಾನ್‌ಸ್ಟಂಟೈನನನ್ನು ಕೊಂಡಾಡುತ್ತಾರೆ. ಕೊಂಡಾಡಲಿ, ಆದರೆ ಅವನ ಕಂಚನ್ನೂ ತಕ್ಕಡಿಗೆ ಹಾಕಿ ನೋಡಿದ ಮೇಲೆ ಕೊಂಡಾಡಲಿ.

ಆ ಶತಮಾನದಲ್ಲಿಯೇ ಇದನ್ನು ಕಂಡವನೊಬ್ಬನಿದ್ದನು. ಅವನ ಹೆಸರು ಉಳಿದಿಲ್ಲ. ಯುದ್ಧಯಂತ್ರಗಳನ್ನು ಕುರಿತು ಚಕ್ರವರ್ತಿಗಳಿಗೆ ಬಿನ್ನಹ ಮಾಡಿಕೊಂಡ ಒಂದು ಚಿಕ್ಕ ಲ್ಯಾಟಿನ್ ಗ್ರಂಥದ ಕರ್ತನವನು. ಕಾನ್‌ಸ್ಟಂಟೈನನ ಕಾಲದಲ್ಲಿ ದೇವಾಲಯಗಳ ಭಂಡಾರದಿಂದ ಚಿನ್ನವು ಹೊರಬಿದ್ದು, ಕಂಚಿನಿಂದ ನಡೆಯುತ್ತಿದ್ದ ಸಣ್ಣ ವ್ಯವಹಾರಕ್ಕೂ ಚಿನ್ನವೇ ಬಂದಿತೆಂದೂ, ಅದರಿಂದ ಬಲ್ಲಿದರ ಮನೆಗಳು ತುಂಬಿ ಬಡವರು ನೆಲಕಚ್ಚಿದರೆಂದೂ ಅವನು ಬರೆಯುತ್ತಾನೆ. ಟಂಕಸಾಲೆಯವರ ಮೋಸಕ್ಕೆ ಅವನು ಸೂಚಿಸಿದ ಮದ್ದು ಬಹಳ ಚೆನ್ನಾಗಿದೆ: ಅವರನ್ನೆಲ್ಲ ಒಂದು ದ್ವೀಪಕ್ಕೆ ಸಾಗಿಸಿ, ಹೊರಗಿನವರ ಸಂಪರ್ಕವೇ ಇಲ್ಲದಂತೆ ಕೆಲಸ ಮಾಡಿಸಬೇಕಂತೆ. ಚಕ್ರವರ್ತಿಗಳು ಆ ದ್ವೀಪವನ್ನು ಹುಡುಕುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ.

ಬಿಲ್ಲೆಯು ಕಿರಿದಾದಂತೆ ಅದರ ಮೇಲಿನ ಘೋಷಣೆಯು ಮಾತ್ರ ಹಿರಿದಾಗುತ್ತ ಹೋಯಿತು. ೩೩೦ರ ನಂತರ ‘ಸೈನ್ಯದ ಕೀರ್ತಿ’ ಎಂಬ ಬರಹದ ನಾಣ್ಯಗಳು ಕೋಟಿಗಟ್ಟಲೆ ಹೊರಟವು. ಇಬ್ಬರು ಭಟರು, ಅವರ ನಡುವೆ ಎರಡು ಧ್ವಜ. ಕೆಲವೇ ವರ್ಷಗಳಲ್ಲಿ ತೂಕ ಇಳಿಯಿತು. ಅದರೊಡನೆ ಧ್ವಜವೂ ಒಂದೇ ಆಯಿತು! ೩೪೮ರಲ್ಲಿ, ರೋಮ್ ನಗರವು ಹುಟ್ಟಿ ೧೧೦೦ ವರ್ಷ ತುಂಬಿತೆಂದು ಎಣಿಸಿದ ಕಾಲದಲ್ಲಿ, ಕಾನ್‌ಸ್ಟಂಟೈನನ ಮಕ್ಕಳು ‘ಸುಖಕಾಲದ ಪುನಃಸ್ಥಾಪನೆ’ ಎಂಬ ಬರಹದೊಡನೆ ಹೊಸ ನಾಣ್ಯವನ್ನು ತಂದರು. ಒಂದು ಮಾದರಿಯಲ್ಲಿ ಬೆಂಕಿಯಿಂದ ಮರುಹುಟ್ಟುವ ಫೀನಿಕ್ಸ್ ಪಕ್ಷಿ. ಬಹುವಾಗಿ ದೊರೆಯುವ ಮಾದರಿಯಲ್ಲಿ ಕುದುರೆಯಿಂದುರುಳಿದ ಶತ್ರುವನ್ನು ರೋಮನ್ ಭಟನು ಈಟಿಯಿಂದ ಇರಿಯುತ್ತಾನೆ. ಹೊರಟಾಗ ಐದು ಗ್ರಾಮಿಗೂ ಮಿಕ್ಕಿದ್ದ ಈ ನಾಣ್ಯವು ಹತ್ತು ವರ್ಷ ತುಂಬುವದರೊಳಗೆ ಎರಡು ಗ್ರಾಮಿನ ಸುತ್ತಮುತ್ತ ಬಂದು ನಿಂತಿತು. ಸುಖಕಾಲವೂ ಅಷ್ಟೇ ಕಿರಿದಾಯಿತೆನ್ನಬೇಕು. ನಡುವೆ ಜೂಲಿಯನ್ ಚಕ್ರವರ್ತಿಯು ಗೂಳಿಯ ಚಿತ್ರದ, ಎಂಟು ಗ್ರಾಮಿಗೂ ಮಿಕ್ಕ ದೊಡ್ಡ ಕಂಚನ್ನು ಹೊರಡಿಸಿ ನೋಡಿದನು. ಆಂಟಿಯೋಕದ ಜನರು ಅವನ ಗಡ್ಡವನ್ನು ಹಾಸ್ಯಮಾಡಿದಂತೆ ಆ ಗೂಳಿಯನ್ನೂ ಹಾಸ್ಯಮಾಡಿದರು. ೩೬೩ರಲ್ಲಿ ಅವನು ಪಾರಸಿಕರ ಯುದ್ಧದಲ್ಲಿ ಮಡಿದನು. ಗೂಳಿಯೂ ಬಹುಕಾಲ ಬಾಳಲಿಲ್ಲ.

ಸರಕಾರಕ್ಕೆ ಇದರ ಕೇಡು ತಿಳಿಯದೇ ಇರಲಿಲ್ಲ. ಕಂಚಿನಲ್ಲಿ ಬೆರೆಸಿದ ಅಲ್ಪ ಬೆಳ್ಳಿಯನ್ನು ಕರಗಿಸಿ ತೆಗೆಯುವವರಿಗೆ ೩೪೯ರ ಶಾಸನವು ಮರಣವನ್ನು ವಿಧಿಸಿತು. ಅನಂತರದ ಇನ್ನೊಂದು ಶಾಸನವು ನಾಣ್ಯವನ್ನು ಕರಗಿಸುವದನ್ನೂ, ಲಾಭಕ್ಕಾಗಿ ಊರಿಂದೂರಿಗೆ ಸಾಗಿಸುವದನ್ನೂ ನಿಷೇಧಿಸಿತು. ನಾಣ್ಯವೇ ಒಂದು ಸರಕಾಗಿ ಮಾರಾಟಕ್ಕೆ ಬಂದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕ್ರಮೇಣ ಆ ಅಲ್ಪ ಬೆಳ್ಳಿಯನ್ನು ಹಾಕುವದೂ ನಿಂತುಹೋಯಿತು.

‘ಚಕ್ರವರ್ತಿಗೆ ಚಿನ್ನ, ಬಡವನಿಗೆ ಕಂಚು, ಅವರವರ ವ್ಯವಹಾರ ಅವರವರದು, ಇದರಲ್ಲಿ ತಪ್ಪೇನು?’ ಎಂದು ಯಾರಾದರೂ ಕೇಳಬಹುದು. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದಿದ್ದರೆ ತಪ್ಪಿರಲಿಲ್ಲ. ಅವೆರಡನ್ನು ಕೂಡಿಸಿದ್ದು ತೆರಿಗೆ. ವ್ಯಾಪಾರಿಗಳ ಮೇಲೆಯೂ ಕಸಬುದಾರರ ಮೇಲೆಯೂ ಕಾನ್‌ಸ್ಟಂಟೈನನು ಹಾಕಿದ ಒಂದು ತೆರಿಗೆಗೆ ಗ್ರೀಕರು ‘ಚಿನ್ನಬೆಳ್ಳಿ’ ಎಂದೇ ಹೆಸರಿಟ್ಟಿದ್ದರು. ನಾಲ್ಕೈದು ವರ್ಷಗಳಿಗೊಮ್ಮೆ ಅದನ್ನು ಒಟ್ಟಿಗೆ ತೆರಬೇಕು. ಕಂಚಿನಲ್ಲಿ ತೆತ್ತರೆ ನಡೆಯದು. ಪಾದರಕ್ಷೆ ಹೊಲಿಯುವವನು ದಿನವೂ ಕಂಚಿನ ಕಾಸುಗಳನ್ನು ಗಳಿಸಿ, ಡಬ್ಬಿಯಲ್ಲಿ ಕೂಡಿಸಿ, ತೆರಿಗೆಯ ವರ್ಷ ಬಂದಾಗ ಚಿನಿವಾರನ ಕಟ್ಟೆಗೆ ಒಯ್ಯಬೇಕು. ಅವನು ಕೂಡಿಸುತ್ತಿದ್ದ ವರ್ಷಗಳಲ್ಲಿ ಕಾಸು ಇಳಿದಿರುತ್ತದೆ, ಚಿನ್ನ ಏರಿರುತ್ತದೆ. ಎಲ್ಲರೂ ಒಂದೇ ತಿಂಗಳಲ್ಲಿ ಚಿನ್ನವನ್ನು ಕೊಳ್ಳಲು ಬರುವದರಿಂದ ಚಿನಿವಾರನು ಹೇಳಿದ್ದೇ ದರ. ಬಡವನ ಗಂಟು ಕರಗಿದ್ದು ಆ ಕಟ್ಟೆಯ ಮೇಲೆ.

ಆಂಟಿಯೋಕದಲ್ಲಿ ಲಿಬಾನಿಯಸನೆಂಬ ಪ್ರಸಿದ್ಧ ಅಧ್ಯಾಪಕನಿದ್ದನು. ಈ ತೆರಿಗೆಯ ಕಾಲದಲ್ಲಿ ಚಪ್ಪಲಿ ಹೊಲಿಯುವವರು ತಮ್ಮ ಕತ್ತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಇದೊಂದೇ ನಮ್ಮ ಬಾಳೆಂದು ಆಣೆಯಿಡುವದನ್ನು ತಾನು ಕಂಡೆನೆಂದು ಅವನು ಹೇಳುತ್ತಾನೆ. ಮಕ್ಕಳನ್ನು ಮಾರಿ ತೆರಿಗೆ ಕಟ್ಟಿದವರ ಮಾತನ್ನು ಜೋಸಿಮಸನೆಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಲಿಬಾನಿಯಸನು ತನ್ನ ಕೈಕೆಳಗಿನ ಉಪಾಧ್ಯಾಯರ ಪರವಾಗಿಯೂ ಊರ ಸಭೆಯ ಮುಂದೆ ಒಂದು ಭಾಷಣ ಮಾಡಿದನು. ಅವರಿಗೆ ಸ್ವಂತ ಗುಡಿಸಲು ಸಹ ಇಲ್ಲ. ರೊಟ್ಟಿಯಂಗಡಿಯ ಸಾಲ ತೀರದೆ ಅಂಗಡಿಯವನ ಕಣ್ಣು ತಪ್ಪಿಸಿ ತಿರುಗಬೇಕು, ಹಸಿವಾದಾಗ ಮತ್ತೆ ಅವನ ಬಾಗಿಲಿಗೇ ಹೋಗಬೇಕು. ಕಡೆಗೆ ಹೆಂಡತಿಯ ಕಿವಿಯದನ್ನೋ ಕೈಯದನ್ನೋ ಬಿಚ್ಚಿ ಅವನ ಕೈಗಿಡಬೇಕು ಎಂದು ವರ್ಣಿಸುತ್ತಾನೆ. ಸಾವಿರದ ಆರುನೂರು ವರ್ಷಗಳ ಹಿಂದಿನ ಮಾತಿದು, ಮಹಾಶಯರೇ. ತಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವ ಅವಶ್ಯಕತೆಯಿಲ್ಲ.

ಐದನೆಯ ಶತಮಾನದಲ್ಲಿ ನುಮ್ಮಸ್ ಒಂದು ಗ್ರಾಮಿಗೆ ಬಂದಿತು. ಎಷ್ಟೋ ಬಿಲ್ಲೆಗಳು ಅದಕ್ಕಿಂತಲೂ ಹಗುರ. ಬರೆಯಲು ಸ್ಥಳವಿಲ್ಲದೆ ಘೋಷಣೆಗಳು ಅಂಚಿನಾಚೆಗೆ ಜಾರಿಹೋದವು. ೪೪೫ರಲ್ಲಿ ಮೂರನೆಯ ವ್ಯಾಲೆಂಟಿನಿಯನನು ಮಾಡಿದ ಶಾಸನವೊಂದಿದೆ: ಚಿನಿವಾರನಿಂದ ೭೨೦೦ ನುಮ್ಮಸ್ ಕೊಟ್ಟು ಕೊಂಡ ಸಾಲಿಡಸನ್ನು ೭೦೦೦ಕ್ಕಿಂತ ಕಡಿಮೆಗೆ ಮಾರಕೂಡದು. ಒಂದೊಂದು ಒಂದು ಗ್ರಾಮಿನಂತೆ ಹಿಡಿದರೆ, ಬೆರಳ ತುದಿಯಲ್ಲಿ ಹಿಡಿಯಬಹುದಾದ ಒಂದು ಚಿನ್ನದ ಬಿಲ್ಲೆಗೆ ಏಳು ಕಿಲೋ ಕಂಚು! ಹೊಲದ ಆಳಿನ ಒಂದು ದಿನದ ಕೂಲಿಯಾಗಿದ್ದ ನುಮ್ಮಸ್ ಎಲ್ಲಿ, ಇದೆಲ್ಲಿ!

ಒಂದು ಮಾತನ್ನು ಮಾತ್ರ ಈ ಕೆಟ್ಟ ಕಾಸಿನ ಪರವಾಗಿ ಹೇಳಲೇಬೇಕು. ಅದು ಎಲ್ಲೆಡೆಯಲ್ಲಿಯೂ ಇತ್ತು. ೨೦೧೩ರಲ್ಲಿ ಇಂಗ್ಲಂಡದ ಡೆವನ್ ಪ್ರಾಂತದ ಸೀಟನ್ ಡೌನ್ ಎಂಬಲ್ಲಿ ೨೨,೮೮೮ ನಾಣ್ಯಗಳ ನಿಧಿಯೊಂದು ದೊರೆಯಿತು. ಹೆಚ್ಚಿನವು ೩೩೦ರಿಂದ ೩೫೦ರೊಳಗಿನ ಕಂಚಿನ ನುಮ್ಮಸುಗಳು. ಅಷ್ಟು ದೊಡ್ಡ ರಾಶಿಯ ಬೆಲೆ ಆಗಿನ ಕಾಲಕ್ಕೆ ನಾಲ್ಕು ಚಿನ್ನದ ನಾಣ್ಯಗಳಷ್ಟೇ ಇದ್ದೀತೆಂದು ತಜ್ಞರು ಅಂದಾಜು ಮಾಡಿದ್ದಾರೆ. ಆದರೂ ಅದನ್ನು ಹೂಳಿಟ್ಟವನಿಗೆ ಆ ಕಂಚಿನಿಂದ ಉಪ್ಪು, ಎಣ್ಣೆ, ಮಡಕೆ ಸಿಗುತ್ತಿದ್ದವು. ೪೦೨ರ ಸುಮಾರಿಗೆ ಬ್ರಿಟನಿಗೆ ಹೊಸ ನಾಣ್ಯ ಬರುವದು ನಿಂತಿತು. ಒಂದೆರಡು ತಲೆಮಾರು ಕಳೆಯುವದರೊಳಗೆ ಅಲ್ಲಿ ನಾಣ್ಯದ ಚಲಾವಣೆಯೇ ನಿಂತುಹೋಯಿತು. ಅದರೊಡನೆ ಪೇಟೆ, ಕುಂಬಾರರ ದೊಡ್ಡ ಆವಿಗೆಗಳು, ಪಟ್ಟಣಗಳು ಸಹ ಮಂಕಾದವು. ಕೆಟ್ಟ ದುಡ್ಡಿಗಿಂತ ದುಡ್ಡಿಲ್ಲದಿರುವದು ಮೇಲೆಂದು ಹೇಳುವವರು ಬ್ರಿಟನಿನ ಈ ಪ್ರಕರಣವನ್ನು ಓದಬೇಕು.

ಈ ಕಿರುಗಾಸು ಪಶ್ಚಿಮದ ಕಡೆಯಲ್ಲಿ ಹೀಗೆ ಕಾಣೆಯಾದ ಕಾಲದಲ್ಲಿ ಪೂರ್ವದಲ್ಲಿ ನಮ್ಮ ಸಮುದ್ರಗಳವರೆಗೂ ಬಂದಿತ್ತು. ಕನ್ನಡ ನೆಲದಲ್ಲಿ ರೋಮನರ ಬೆಳ್ಳಿ ಚಿನ್ನ ಸಿಕ್ಕಿವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಗಳು, ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಕಡೆಗಾಲದ ಚಿನ್ನದ ನಾಣ್ಯಗಳು. ಆದರೆ ಕಂಚಿನ ಕಿರುಗಾಸು ಹೇರಳವಾಗಿ ದೊರೆತದ್ದು ತಮಿಳು ನಾಡಿನ ಮಧುರೆ ಕರೂರುಗಳಲ್ಲಿ ಮತ್ತು ಸಿಂಹಳದಲ್ಲಿ. ಅವುಗಳಲ್ಲಿ ಬಹಳಷ್ಟು ನಾಲ್ಕನೆಯ ಶತಮಾನದ ಕಡೆಯ ಭಾಗದವು, ಐದನೆಯದರ ಆರಂಭದವು. ಇಷ್ಟು ಹಗುರವಾದ ಕಂಚನ್ನು ಹಡಗಿನಲ್ಲಿ ಯಾಕೆ ತಂದರೆಂಬ ವಿಷಯದಲ್ಲಿ ವಿದ್ವಾಂಸರ ವಾದ ಮುಗಿದಿಲ್ಲ. ಸಿಂಹಳದವರಂತೂ ಸವೆದ ಈ ಕಾಸುಗಳನ್ನು ತಮ್ಮ ಪೇಟೆಯಲ್ಲಿ ನಡೆಯಿಸಿದ್ದಲ್ಲದೆ, ಸಾಲದಾದಾಗ ಅವುಗಳಂಥವನ್ನೇ ತಾವೂ ಅಚ್ಚೊತ್ತಿಕೊಂಡರು. ಲ್ಯಾಟಿನ್ ಅಕ್ಷರ ಬಾರದ ಕಮ್ಮಾರನು ಅಕ್ಷರಗಳ ಸ್ಥಳದಲ್ಲಿ ಗೀಟುಗಳನ್ನೆಳೆದನು. ಎರಡು ಊಟದ ನಡುವೆ ಬೇಕಾಗುವ ಸಣ್ಣ ದುಡ್ಡನ್ನು ಯಾವ ಅರಸನೂ ಸಾಕಷ್ಟು ಹೊರಡಿಸುವದಿಲ್ಲವಾದ್ದರಿಂದ, ಜನರು ಸಿಕ್ಕದ್ದನ್ನೇ ದುಡ್ಡು ಮಾಡಿಕೊಂಡರು. ನಮ್ಮ ಭಾಷೆಯಲ್ಲಿಯೂ ‘ದುಡ್ಡು’ ಎಂದರೆ ಮೂಲದಲ್ಲಿ ತಾಮ್ರದ ಸಣ್ಣ ನಾಣ್ಯ; ಹಣಕ್ಕೆಲ್ಲ ಅದೇ ಹೆಸರಾಗಿ ಕೂತಿತಷ್ಟೆ.

ಇನ್ನು ಕಥೆಯ ಕಡೆಯ ಭಾಗ. ೪೯೧ರಲ್ಲಿ ಕಾನ್‌ಸ್ಟಂಟಿನೋಪಲಿನ ಸಿಂಹಾಸನಕ್ಕೆ ಅನಸ್ತಾಸಿಯಸ್ ಬಂದನು. ವಯಸ್ಸು ಅರವತ್ತು ದಾಟಿತ್ತು. ಲೆಕ್ಕಪತ್ರದಲ್ಲಿ ಬಹು ಬಿಗಿ. ಅವನು ೪೯೮ರಲ್ಲಿ ಎರಡು ಕೆಲಸಗಳನ್ನು ಮಾಡಿದನು. ಮೊದಲನೆಯದು, ೪೦ ನುಮ್ಮಸಿಗೆ ಸಮನಾದ ದೊಡ್ಡ ಕಂಚಿನ ನಾಣ್ಯವನ್ನು ಹೊರಡಿಸಿದ್ದು. ಗ್ರೀಕರು ೪೦ ಎಂಬ ಅಂಕಿಗೆ ಬಳಸುವ ‘ಎಂ’ ಅಕ್ಷರವನ್ನು ಅದರ ಹಿಂದೆ ದೊಡ್ಡದಾಗಿ ಕೆತ್ತಿಸಿದನು. ಇಪ್ಪತ್ತರದು, ಹತ್ತರದು ಕೂಡ ಬಂದವು. ನೂರಾರು ವರ್ಷಗಳಿಂದ ಬರೆಯುತ್ತ ಬಂದ ಕೀರ್ತಿ ವಿಜಯಗಳನ್ನೆಲ್ಲ ಬಿಟ್ಟು, ಈ ನಾಣ್ಯವು ಎಷ್ಟು ಕಾಸಿಗೆ ಸಮವೆಂಬುದನ್ನು ಎಲ್ಲರಿಗೂ ಕಾಣುವಂತೆ ಅದರ ಮೇಲೆಯೇ ಬರೆಯಿಸಿದನು. ಈ ಬದಲಾವಣೆ ಜನರಿಗೆ ಮೆಚ್ಚಿಗೆಯಾಯಿತೆಂದು ಮಾರ್ಸೆಲಿನಸನು ತನ್ನ ವಾರ್ಷಿಕ ವೃತ್ತಾಂತದಲ್ಲಿ ಗುರುತಿಸಿದ್ದಾನೆ. ಫಾಲಿಸ್ ಎಂಬ ಅದರ ಹೆಸರೇ ಮುಂದೆ ಅರಬರಲ್ಲಿ ‘ಫಲ್ಸ್’ ಆಯಿತು. ಅವರ ಮಾತಿನಲ್ಲಿಯೂ ಅದರ ಬಹುವಚನವಾದ ‘ಫುಲೂಸ್’ ಎಂದರೆ ಹಣವೆಂದೇ ಅರ್ಥ.

ಎರಡನೆಯ ಕೆಲಸ, ಆ ‘ಚಿನ್ನಬೆಳ್ಳಿ’ ತೆರಿಗೆಯನ್ನು ತೆಗೆದುಹಾಕಿದ್ದು. ಇದನ್ನು ಮಾಡುವದರಲ್ಲಿ ಮುದುಕನು ತೋರಿಸಿದ ಜಾಣ್ಮೆಯನ್ನು ಎವಾಗ್ರಿಯಸನೆಂಬ ಇತಿಹಾಸಕಾರನು ವರ್ಣಿಸಿದ್ದಾನೆ. ತೆರಿಗೆಯ ದಫ್ತರಗಳನ್ನು ಸುಡಿಸಿದ ಮೇಲೆ, ಯಾರಾದರೂ ಬಚ್ಚಿಟ್ಟ ಕಾಗದಗಳಿಂದ ಅದನ್ನು ಮತ್ತೆ ಎಬ್ಬಿಸಬಹುದೆಂದು ಅವನಿಗೆ ಸಂಶಯವಿತ್ತು. ಆದುದರಿಂದ ತಾನು ದುಡುಕಿ ತಪ್ಪು ಮಾಡಿದೆನೆಂದು ಪಶ್ಚಾತ್ತಾಪವನ್ನು ನಟಿಸಿ, ಉಳಿದ ಕಾಗದಗಳನ್ನೆಲ್ಲ ಹುಡುಕಿ ತರಿಸಿ, ಅವನ್ನೂ ಬೆಂಕಿಗೆ ಹಾಕಿಸಿದನಂತೆ!

ಈ ಆಜ್ಞೆಯು ಮೆಸೊಪೊಟೇಮಿಯದ ಎಡೆಸ ಪಟ್ಟಣಕ್ಕೂ ಮುಟ್ಟಿತು. ಅದು ಈಗಿನ ತುರ್ಕಸ್ಥಾನದ ಉರ್ಫಾ. ಆ ಒಂದೇ ಪಟ್ಟಣವು ನಾಲ್ಕು ವರ್ಷಗಳಿಗೊಮ್ಮೆ ೧೪೦ ಪೌಂಡು ಚಿನ್ನವನ್ನು ತೆರುತ್ತಿತ್ತೆಂದು ಸಿರಿಯಾಕ್ ಭಾಷೆಯ ವೃತ್ತಾಂತವೊಂದರಲ್ಲಿ ಬರೆದಿದೆ. ಸಾಲಿಡಸಿನ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಅದನ್ನು ಕಂಚಿನ ಕಾಸಿನಲ್ಲಿ ಎಣಿಸಲು ನಾನು ಹೋಗುವದಿಲ್ಲ. ಸುದ್ದಿ ಬಂದ ದಿನ ಊರಿಗೆ ಊರೇ, ಹಿರಿಯರು ಕಿರಿಯರೆನ್ನದೆ, ಬಿಳಿಯ ಬಟ್ಟೆಯುಟ್ಟು, ಉರಿಯುವ ಮೇಣದ ಬತ್ತಿಗಳನ್ನೂ ಧೂಪದ ಪಾತ್ರೆಗಳನ್ನೂ ಹಿಡಿದು ಮೆರವಣಿಗೆಯಲ್ಲಿ ಹೊರಟಿತು. ಹಬ್ಬವು ಒಂದು ವಾರ ನಡೆಯಿತು. ಕಸಬುದಾರರೆಲ್ಲರೂ ಕೆಲಸ ಬಿಟ್ಟು, ಸ್ನಾನಮಾಡಿ, ಚರ್ಚಿನ ಅಂಗಳದಲ್ಲಿಯೂ ಊರಿನ ಮೊಗಸಾಲೆಗಳಲ್ಲಿಯೂ ಒರಗಿಕೊಂಡು ಆ ವಾರವನ್ನು ಕಳೆದರು.